ಹೇಳಬೇಕಾ, ಬರೆಯಬೇಕಾ, ಮನಸ್ಸಲ್ಲೇ ನೆನೆದರೆ ಸಾಕಾ? ಆಘಾತದ ನಂತರ ಥೆರಪಿ ಆರಿಸುವ ಬಗೆ

ಶಿರಾಡಿ ಘಾಟಿಯಲ್ಲಿ ನಮ್ಮ ಕಾರಿಗೆ ಟ್ಯಾಂಕರ್ ಗುದ್ದಿ ಐದು ತಿಂಗಳಾಗಿತ್ತು. ನನ್ನ ಕಾಲಿನ ಮೂಳೆ ಕೂಡಿತ್ತು. ಯಜಮಾನರ ಹಣೆಯ ಹೊಲಿಗೆ ಮಾಯ್ದಿತ್ತು. ಇನ್ಶೂರೆನ್ಸ್ ದುಡ್ಡೂ ಬಂದಿತ್ತು. ಆದರೆ ಹಾಸನದ ನಮ್ಮ ಮನೆ ಮುಂದೆ ಲಾರಿಯೊಂದು ಹಾರ್ನ್ ಹೊಡೆದರೆ ಸಾಕು, ಕೈಯಲ್ಲಿದ್ದ ಲೋಟ ಬಿದ್ದುಹೋಗುತ್ತಿತ್ತು. ಮಳೆ ಹನಿದು ಟಾರು ರಸ್ತೆಯ ವಾಸನೆ ಎದ್ದರೆ ಹೊಟ್ಟೆ ತೊಳೆಸುತ್ತಿತ್ತು. ಬಸ್ ಹತ್ತುವುದನ್ನೇ ಬಿಟ್ಟಿದ್ದೆ. ಮಂಗಳೂರಿನಲ್ಲಿ ತಂಗಿಯ ಸೀಮಂತ ನಡೆದಾಗ ನಾನು ಮನೆಯಲ್ಲೇ ಉಳಿದೆ. "ಆಗಿದ್ದು ಆಗೋಯ್ತು, ಬಿಡು ಮಗ" ಅಂತ ಅಮ್ಮ ದಿನಾ ಹೇಳುತ್ತಿದ್ದರು. ಬಿಡುವುದು ಹೇಗೆ ಅಂತ ಗೊತ್ತಿದ್ದರೆ ನಾನು ಅವತ್ತೇ ಬಿಡುತ್ತಿದ್ದೆ.

ಈಗ ಅದೇ ಘಾಟಿಯಲ್ಲಿ ಮಳೆಗಾಲದಲ್ಲೂ ಓಡಾಡುತ್ತೇನೆ. ಇದಕ್ಕೆ ಕಾರಣ ಥೆರಪಿ. ಆದರೆ ನನಗೆ ಹೊಂದುವ ಥೆರಪಿಗೆ ತಲುಪುವಷ್ಟರಲ್ಲಿ ಒಂದು ವರ್ಷ ಸುಮ್ನೆ ಕಳೆದುಹೋಯಿತು. ಯಾವುದು ಏನು, ಯಾವುದು ಯಾರಿಗೆ ಅಂತ ಕನ್ನಡದಲ್ಲಿ ಬಿಡಿಸಿ ಹೇಳುವವರು ಸಿಗಲಿಲ್ಲ. ನಿಮ್ಮ ವರ್ಷ ಹಾಗೆ ಹೋಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಹೈಸ್ಕೂಲ್ ಟೀಚರ್. ನಾನು ಓದಿದ್ದು, ಕೇಳಿದ್ದು, ಪಟ್ಟ ಪಾಡು ಎಲ್ಲವೂ ಇದರಲ್ಲಿ ಸೇರಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಥೆರಪಿಗಳ ಹೆಸರು ಹತ್ತಾರು ಇವೆ. ಆದರೆ ಅವುಗಳಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು, ಆ ದಿನದ ನೆನಪಿನ ಹತ್ತಿರಕ್ಕೇ ನಿಮ್ಮನ್ನು ಕೈಹಿಡಿದು ಕರೆದೊಯ್ಯುವುದು. ಇನ್ನೊಂದು, ಆ ನೆನಪನ್ನು ಮುಟ್ಟದೆ ಧೈರ್ಯ ಹೇಳುವುದು, ಉಸಿರಾಟ ಕಲಿಸುವುದು, ಮನಸ್ಸು ಹಗುರ ಮಾಡುವುದು. ಎರಡನೆಯದರಿಂದಲೂ ಉಪಯೋಗ ಇದೆ. ಆದರೆ ಆಘಾತ ಒಳಗೇ ಕೂತುಬಿಟ್ಟವರಿಗೆ ಜಾಸ್ತಿ ಗುಣ ಕಂಡಿರುವುದು ಮೊದಲನೆಯ ದಾರಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಕೊಟ್ಟ ಸಲಹೆಯಲ್ಲೂ, ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ನೈಸ್ ಸಂಸ್ಥೆ 2018ರಲ್ಲಿ ಕೊಟ್ಟ ಸಲಹೆಯಲ್ಲೂ ಇಂಥ ಥೆರಪಿಗಳೇ ಮುಂದಿವೆ.

ನಾನು ಮೊದಲು ಹೋದ ಆಪ್ತಸಮಾಲೋಚಕರು ತುಂಬಾ ಒಳ್ಳೆಯವರು. ಎಂಟು ವಾರ ಹೋದೆ. "ಪಾಸಿಟಿವ್ ಆಗಿ ಯೋಚಿಸಿ" ಅಂದರು, ಧ್ಯಾನದ ಆಡಿಯೋ ಕೊಟ್ಟರು. ಅಪಘಾತದ ಬಗ್ಗೆ ಒಂದು ದಿನವೂ ಕೇಳಲಿಲ್ಲ. ನಾನಾಗಿ ಶುರು ಮಾಡಿದರೆ "ಅದು ಬೇಡ, ನಿಮಗೆ ನೋವಾಗುತ್ತೆ" ಅಂದರು. ನನಗೂ ಅದೇ ಬೇಕಿತ್ತು, ಅಲ್ವಾ! ಇಬ್ಬರೂ ಸೇರಿ ಆ ರಾತ್ರಿಯನ್ನು ಜೋಪಾನವಾಗಿ ಮುಚ್ಚಿಟ್ಟೆವು.

ಆದ ಕೂಡಲೇ ಥೆರಪಿಗೆ ಓಡಬೇಕಾ?

ಬೇಡ. ಕೆಟ್ಟದ್ದು ನಡೆದ ಮೊದಲ ಕೆಲವು ವಾರ ನಿದ್ದೆ ಕೆಡುವುದು, ಬೆಚ್ಚಿ ಬೀಳುವುದು, ಅದೇ ದೃಶ್ಯ ಕಣ್ಣಿಗೆ ಕಟ್ಟುವುದು, ಸುಮ್ಮಸುಮ್ಮನೆ ಸಿಟ್ಟು ಬರುವುದು, ಇವೆಲ್ಲ ಸಹಜ. ಬಹಳ ಜನರಿಗೆ ಇದು ತಾನಾಗಿಯೇ ಇಳಿಯುತ್ತದೆ. ಇಳಿಯದೆ ಉಳಿದುಬಿಡುವ ಈ ತೊಂದರೆಗೆ ಪಿಟಿಎಸ್‌ಡಿ (ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್) ಅನ್ನುವ ಹೆಸರನ್ನು ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಗೆ ಸೇರಿಸಿದ್ದು 1980ರಲ್ಲಿ. ಈಗ ಆ ಕೈಪಿಡಿಯ ಪ್ರಕಾರ ಲಕ್ಷಣಗಳು ಒಂದು ತಿಂಗಳು ದಾಟಿದ ಮೇಲೂ ಉಳಿದು, ಕೆಲಸ ಮತ್ತು ಸಂಸಾರಕ್ಕೆ ತೊಡಕಾದರೆ ಮಾತ್ರ ಆ ಹೆಸರು.

ಮೊದಲ ದಿನಗಳಲ್ಲಿ ಬೇಕಾದದ್ದು ಬೇರೆ. ಸುರಕ್ಷಿತವಾದ ಜಾಗ, ಬಿಸಿ ಊಟ, ನಿದ್ದೆ, ಜೊತೆಗೆ ನಂಬಿಕಸ್ಥರು ಒಬ್ಬರು. "ಏನಾಯ್ತು, ಎಲ್ಲಾ ಬಿಡಿಸಿ ಹೇಳು" ಅಂತ ಒತ್ತಾಯಿಸಬಾರದು. ಹಿಂದೆ ಅದನ್ನೇ ಚಿಕಿತ್ಸೆ ಅಂದುಕೊಂಡಿದ್ದರು. ಘಟನೆ ನಡೆದ ಒಂದೆರಡು ದಿನದಲ್ಲೇ ಒಮ್ಮೆ ಕೂರಿಸಿ ಎಲ್ಲವನ್ನೂ ಹೇಳಿಸುವ ಪದ್ಧತಿ ಇತ್ತು. ಅದನ್ನು ಡಿಬ್ರೀಫಿಂಗ್ ಅನ್ನುತ್ತಿದ್ದರು. ಬ್ರಿಟನ್ನಿನಲ್ಲಿ ರಸ್ತೆ ಅಪಘಾತದಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದವರಿಗೆ ಹೀಗೆ ಮಾಡಿ, ಮೂರು ವರ್ಷದ ನಂತರ ಮತ್ತೆ ವಿಚಾರಿಸಿದರು. ಮೊದಲು ಜಾಸ್ತಿ ಬೆದರಿದ್ದವರಲ್ಲಿ, ಹೀಗೆ ಹೇಳಿಸಿದವರೇ ಉಳಿದವರಿಗಿಂತ ಹಿಂದೆ ಬಿದ್ದಿದ್ದರು. ಆ ಪದ್ಧತಿ ಬೇಡ ಅಂತ ಈಗ ಸಲಹೆಗಳಲ್ಲೇ ಬರೆದಿದ್ದಾರೆ. ನೋಡಲು ಬಂದ ನೆಂಟರೆಲ್ಲ ಹಾಸಿಗೆ ಪಕ್ಕ ಕೂತು ಮೊದಲಿಂದ ಹೇಳಿಸುತ್ತಾರಲ್ಲ, ಅದನ್ನು ಮನೆಯವರು ತಡೆದರೆ ಅದೇ ದೊಡ್ಡ ಉಪಕಾರ.

ಹಾಗಂತ ಎಲ್ಲರೂ ತಿಂಗಳು ಕಾಯುತ್ತಾ ಕೂರಬಾರದು. ಸಾಯುವ ಯೋಚನೆ ಬರುತ್ತಿದ್ದರೆ, ಅನ್ನ ನೀರು ಬಿಟ್ಟಿದ್ದರೆ, ಕುಡಿತ ಹೆಚ್ಚಾಗಿದ್ದರೆ, ಹೊಡೆದವನು ಇನ್ನೂ ಅದೇ ಮನೆಯಲ್ಲಿದ್ದರೆ, ಇವತ್ತೇ ಸಹಾಯ ಕೇಳಿ.

ನೆನಪಿನ ಹತ್ತಿರ ಹೋಗುವ ಮೂರು ದಾರಿ

ಹಾವು ಕಚ್ಚಿದವನು ಹಗ್ಗ ಕಂಡರೂ ಬೆದರುತ್ತಾನೆ ಅಂತ ನಮ್ಮ ಕಡೆ ಹೇಳುತ್ತಾರೆ. ಆಘಾತದ ಹೂರಣ ಆ ಮಾತಿನಲ್ಲೇ ಇದೆ. ಹಗ್ಗ ಕಂಡಾಗೆಲ್ಲ ದೂರ ಓಡುವವನಿಗೆ ಅದು ಹಗ್ಗ ಅಂತ ಗೊತ್ತಾಗುವ ಅವಕಾಶವೇ ಸಿಗುವುದಿಲ್ಲ. ಓಡಿದಷ್ಟೂ ಹೆದರಿಕೆ ಬಲಿಯುತ್ತದೆ. ಮೂರು ಮುಖ್ಯ ಥೆರಪಿಗಳೂ ಈ ಓಟವನ್ನು ನಿಲ್ಲಿಸುತ್ತವೆ, ಒಂದೊಂದು ಒಂದೊಂದು ರೀತಿಯಲ್ಲಿ.

ನಾನು ಮಾಡಿದ್ದು ಪ್ರೊಲಾಂಗ್ಡ್ ಎಕ್ಸ್‌ಪೋಶರ್. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎಡ್ನಾ ಫೋವಾ ರೂಪಿಸಿದ್ದು. ಸಾಮಾನ್ಯವಾಗಿ 8ರಿಂದ 15 ಸೆಷನ್, ಒಂದೊಂದು ಒಂದರಿಂದ ಒಂದೂವರೆ ಗಂಟೆ. ಇದರಲ್ಲಿ ಎರಡು ಕೆಲಸ. ಒಂದು, ಕಣ್ಣು ಮುಚ್ಚಿಕೊಂಡು ಆ ಘಟನೆಯನ್ನು ಈಗ ನಡೆಯುತ್ತಿದೆ ಅನ್ನುವ ಹಾಗೆ ಬಾಯಿಬಿಟ್ಟು ಹೇಳುವುದು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಅದನ್ನು ರೆಕಾರ್ಡ್ ಮಾಡಿ ಕೊಡುತ್ತಾರೆ, ಮನೆಯಲ್ಲಿ ದಿನಾ ಕೇಳಬೇಕು. ಇನ್ನೊಂದು, ಬಿಟ್ಟುಬಿಟ್ಟ ಜಾಗ, ಕೆಲಸಗಳಿಗೆ ಹೆಜ್ಜೆ ಹೆಜ್ಜೆಯಾಗಿ ವಾಪಸ್ ಹೋಗುವುದು.

ಮೊದಲ ಸಲ ಹೇಳಿದಾಗ ನಾನು ಪೂರ್ತಿ ನಡುಗಿದೆ. ಆ ವಾರ ಕೆಟ್ಟ ಕನಸು ಜಾಸ್ತಿಯಾಯಿತು. ಬಿಟ್ಟುಬಿಡೋಣ ಅನ್ನಿಸಿತು. ಹೀಗಾಗುತ್ತೆ ಅಂತ ಥೆರಪಿಸ್ಟ್ ಮೊದಲೇ ಹೇಳಿದ್ದರು, ಅದಕ್ಕೇ ಉಳಿದೆ. ನಾಲ್ಕನೇ ವಾರದಲ್ಲಿ ಒಂದು ವಿಷಯ ಹೊರಗೆ ಬಂತು. ಟ್ಯಾಂಕರಿನ ದೀಪ ಕಂಡ ಕೂಡಲೇ ನಾನು "ಬಲಕ್ಕೆ" ಅಂತ ಕೂಗಿದ್ದರಿಂದಲೇ ಯಜಮಾನರು ಗಲಿಬಿಲಿಯಾದರು ಅಂತ ನಾನು ನಂಬಿದ್ದೆ. ಹೇಳುತ್ತಾ ಹೇಳುತ್ತಾ ನೆನಪಾಯಿತು, ನಾನು ಕೂಗಿದ್ದು ಗುದ್ದಿದ ಮೇಲೆ. ಅಷ್ಟು ದಿನ ಆ ತಪ್ಪನ್ನು ಹೊತ್ತುಕೊಂಡು ತಿರುಗಿದ್ದೆ. ಅವತ್ತು ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರಿಗೆ ನಾನು ಕೂಗಿದ್ದೇ ನೆನಪಿರಲಿಲ್ಲ.

ಹೆಜ್ಜೆಗಳ ಪಟ್ಟಿಯನ್ನು ಥೆರಪಿಸ್ಟ್ ಮತ್ತು ನಾನು ಕೂತು ಬರೆದೆವು. ಎಷ್ಟು ಹೆದರಿಕೆ ಅಂತ ಸೊನ್ನೆಯಿಂದ ನೂರರವರೆಗೆ ಅಂಕ ಕೊಡಬೇಕು. ನಿಂತ ಕಾರಿನಲ್ಲಿ ಹದಿನೈದು ನಿಮಿಷ ಕೂರುವುದು, 30. ಹಾಸನದ ಪೇಟೆಯೊಳಗೆ ಆಟೋ, 40. ಹಗಲಲ್ಲಿ ಸಕಲೇಶಪುರದ ತನಕ ಬಸ್, 65. ಹಗಲಲ್ಲಿ ಘಾಟಿ ಇಳಿದು ಗುಂಡ್ಯದವರೆಗೆ, 85. ಮಳೆಯಲ್ಲಿ ಅದೇ ದಾರಿ, 100. ಒಂದು ಮೆಟ್ಟಿಲಲ್ಲಿ ಎದೆಬಡಿತ ತಾನಾಗಿ ಇಳಿಯುವವರೆಗೆ ನಿಲ್ಲಬೇಕು, ಆಮೇಲೆ ಮುಂದಿನದು. ಸಕಲೇಶಪುರದ ಬಸ್ಸನ್ನೇ ಏಳು ಸಲ ಹತ್ತಿದೆ. ಒಂದು ಸಲ ಬಾಳ್ಳುಪೇಟೆಯಲ್ಲೇ ಇಳಿದುಬಿಟ್ಟೆ.

ಯಾರಿಗೆ ಇದು? ಒಂದು ನಿರ್ದಿಷ್ಟ ಘಟನೆ ಇರುವವರಿಗೆ, ಹೆದರಿಕೆಯೇ ಮುಖ್ಯ ತೊಂದರೆಯಾದವರಿಗೆ, ದಿನಾ ಒಂದು ಗಂಟೆ ಹೋಂವರ್ಕಿಗೆ ಕೊಡಬಲ್ಲವರಿಗೆ. ಮನೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಅತ್ತರೂ ಯಾರೂ ಬಂದು ಕೇಳದ ಒಂದು ಮೂಲೆ ಬೇಕು. ಕೂಡು ಕುಟುಂಬದ ಹೆಣ್ಣುಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ನಾನು ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಕೂತು ಕೇಳುತ್ತಿದ್ದೆ.

ಎರಡನೆಯದು ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ, ಸಿಪಿಟಿ. 1980ರ ದಶಕದ ಕೊನೆಯಲ್ಲಿ ಪೆಟ್ರೀಶಿಯಾ ರೆಸಿಕ್ ಶುರು ಮಾಡಿದ್ದು. ಸಾಮಾನ್ಯವಾಗಿ 12 ಸೆಷನ್. ಇಲ್ಲಿ ಘಟನೆಯನ್ನು ಪೂರ್ತಿ ಬಿಡಿಸಿ ಹೇಳಲೇಬೇಕು ಅಂತಿಲ್ಲ. ಅದು ಯಾಕೆ ನಡೆಯಿತು ಅಂತ ನೀವು ನಂಬಿದ್ದೀರಿ, ಅದರಿಂದ ನಿಮ್ಮ ಬಗ್ಗೆ, ಜನರ ಬಗ್ಗೆ, ಲೋಕದ ಬಗ್ಗೆ ಏನು ತೀರ್ಮಾನ ಮಾಡಿಕೊಂಡಿದ್ದೀರಿ ಅಂತ ಮೊದಲು ಒಂದು ಪುಟ ಬರೆಯುತ್ತೀರಿ. ಆಮೇಲೆ ಆ ತೀರ್ಮಾನಗಳನ್ನು ಒಂದೊಂದಾಗಿ ಹಿಡಿದು ಪ್ರಶ್ನೆ ಮಾಡುತ್ತೀರಿ. ಇದಕ್ಕೆ ಸಾಕ್ಷಿ ಏನು? ಬೇರೆಯವರಿಗೆ ಹೀಗಾಗಿದ್ದರೆ ಅವರದೇ ತಪ್ಪು ಅನ್ನುತ್ತಿದ್ದೆನಾ? ಸುರಕ್ಷತೆ, ನಂಬಿಕೆ, ಹಿಡಿತ, ತನ್ನ ಬಗ್ಗೆ ಗೌರವ, ಆಪ್ತತೆ, ಈ ಐದು ವಿಷಯಗಳ ಸುತ್ತ ಕೊನೆಯ ವಾರಗಳು ನಡೆಯುತ್ತವೆ.

ಹೆದರಿಕೆಗಿಂತ ನಾಚಿಕೆ ಮತ್ತು ತಪ್ಪಿತಸ್ಥ ಭಾವನೆ ಕಾಡುವವರಿಗೆ ನಾನಾದರೆ ಇದನ್ನು ಮೊದಲು ಹೇಳುತ್ತೇನೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಅಕ್ಕ ಒಬ್ಬರು ಗಂಡನ ಹೊಡೆತ ಸಹಿಸಿ ಹದಿನಾಲ್ಕು ವರ್ಷ ಕಳೆದು ಹೊರಗೆ ಬಂದವರು. ಅವರ ಮೊದಲ ಪುಟದಲ್ಲಿ ಇದ್ದದ್ದು ಒಂದೇ ಸಾಲು: "ನಾನು ಎದುರು ಮಾತಾಡದೆ ಇದ್ದಿದ್ದರೆ ಹೊಡೀತಿರಲಿಲ್ಲ." ಆ ಸಾಲಿನ ಮೇಲೆ ಮೂರು ವಾರ ಕೆಲಸ ನಡೆಯಿತಂತೆ. ಅವರು ಎದುರು ಮಾತಾಡದ ದಿನಗಳಲ್ಲಿ ಎಷ್ಟು ಸಲ ಹೊಡೆತ ಬಿದ್ದಿತ್ತು ಅಂತ ಥೆರಪಿಸ್ಟ್ ಅವರ ಕೈಯಿಂದಲೇ ಲೆಕ್ಕ ಮಾಡಿಸಿದರು. ಲೆಕ್ಕ ಮುಗಿದ ಮೇಲೆ ಆ ಸಾಲನ್ನು ಅವರೇ ಹೊಡೆದುಹಾಕಿದರು.

ಓದು ಬರಹ ಬಾರದವರಿಗೆ ಇದು ಆಗುವುದಿಲ್ಲ ಅಂತ ತಿಳಿಯಬೇಡಿ. ಕಾಂಗೋ ದೇಶದ ಪೂರ್ವ ಭಾಗದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹಳ್ಳಿಯ ಹೆಂಗಸರಿಗೆ ಇದನ್ನು ಗುಂಪಿನಲ್ಲಿ ಮಾಡಿಸಿದರು. ಬಹಳ ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಹಾಳೆಗಳನ್ನು ಸರಳ ಮಾಡಿ, ಬಾಯಿಪಾಠ ಮಾಡಿಸಿ ನಡೆಸಿದರು. 2013ರಲ್ಲಿ ಫಲಿತಾಂಶ ಬಂತು. ಬರೀ ಸಾಂತ್ವನ ಪಡೆದವರಿಗಿಂತ ಈ ಹೆಂಗಸರು ತುಂಬಾ ಸುಧಾರಿಸಿದ್ದರು. ಆರು ತಿಂಗಳ ನಂತರವೂ ಆ ಸುಧಾರಣೆ ಉಳಿದಿತ್ತು. ನಮ್ಮ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ವಾರವಾರ ಸೇರುವುದನ್ನು ನೋಡಿದಾಗೆಲ್ಲ ಇದು ನೆನಪಾಗುತ್ತದೆ. ಇಲ್ಲಿ ಯಾಕಾಗಬಾರದು?

ಮೂರನೆಯದು ಇಎಂಡಿಆರ್, ಅಂದರೆ ಕಣ್ಣಿನ ಚಲನೆ ಬಳಸಿ ನೆನಪಿನ ಕಾಟ ತಗ್ಗಿಸುವ ಥೆರಪಿ. 1987ರಲ್ಲಿ ಅಮೆರಿಕದ ಫ್ರಾನ್ಸಿನ್ ಶಪಿರೊ ಪಾರ್ಕಿನಲ್ಲಿ ನಡೆಯುವಾಗ, ಕಣ್ಣು ಆ ಕಡೆ ಈ ಕಡೆ ಓಡಾಡುತ್ತಿದ್ದಂತೆ ಮನಸ್ಸಿನ ಕಿರಿಕಿರಿ ತಗ್ಗಿದ್ದನ್ನು ಗಮನಿಸಿದರು. ಅಲ್ಲಿಂದ ಬೆಳೆದ ಪದ್ಧತಿ ಇದು. ಘಟನೆಯ ಅತಿ ಕೆಟ್ಟ ಕ್ಷಣವನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳುತ್ತೀರಿ. ಥೆರಪಿಸ್ಟಿನ ಬೆರಳು ಎಡಕ್ಕೂ ಬಲಕ್ಕೂ ಓಡುತ್ತದೆ, ನಿಮ್ಮ ಕಣ್ಣು ಅದನ್ನು ಹಿಂಬಾಲಿಸುತ್ತದೆ. ಕೆಲವರು ಬೆರಳಿನ ಬದಲು ಎರಡೂ ಕೈ ಮೇಲೆ ಒಂದಾದ ಮೇಲೆ ಒಂದರಂತೆ ತಟ್ಟುತ್ತಾರೆ. ಅರ್ಧ ನಿಮಿಷದ ನಂತರ ನಿಲ್ಲಿಸಿ "ಈಗ ಏನು ಬಂತು?" ಅಂತ ಕೇಳುತ್ತಾರೆ. ಎರಡು ಮಾತು ಹೇಳಿದರೆ ಸಾಕು. ಮತ್ತೆ ಶುರು. ಎಂಟು ಹಂತಗಳ ಪದ್ಧತಿ ಇದು. ನೇರವಾಗಿ ಬೆರಳಾಟಕ್ಕೆ ಇಳಿಯುವುದಿಲ್ಲ. ಮೊದಲು ಪೂರ್ವಾಪರ ಕೇಳುತ್ತಾರೆ, ಮನಸ್ಸನ್ನು ಶಾಂತ ಮಾಡಿಕೊಳ್ಳುವುದನ್ನು ಕಲಿಸುತ್ತಾರೆ.

ಇದರ ದೊಡ್ಡ ಅನುಕೂಲ, ನಡೆದದ್ದನ್ನು ಬಿಡಿಸಿ ಹೇಳಬೇಕಿಲ್ಲ, ಹೋಂವರ್ಕೂ ಕಡಿಮೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಮನೆ ಕಳೆದುಕೊಂಡ ಪರಿಚಯದವರೊಬ್ಬರು ಇದನ್ನು ಆರಿಸಿಕೊಂಡರು. ಅವರದು ಮೊದಲೇ ಮಾತು ಕಡಿಮೆ. ಜೋರು ಮಳೆ ಬಂದರೆ ರಾತ್ರಿಯಿಡೀ ಬೂಟು ಹಾಕಿಕೊಂಡೇ ಕೂತಿರುತ್ತಿದ್ದರು. ಏಳೆಂಟು ಸೆಷನ್ ಆದ ಮೇಲೆ ಬೂಟು ಬಾಗಿಲ ಹೊರಗೆ ಹೋಯಿತು ಅಂತ ಅವರ ಹೆಂಡತಿ ಹೇಳಿದರು.

ಕಣ್ಣಿನ ಚಲನೆಯಿಂದಲೇ ಗುಣವಾಗುತ್ತದಾ, ಇಲ್ಲ ನೆನಪನ್ನು ಧೈರ್ಯವಾಗಿ ಹಿಡಿದು ನೋಡುವುದರಿಂದಲಾ ಅನ್ನುವುದರ ಬಗ್ಗೆ ತಜ್ಞರಲ್ಲೇ ವಾದ ಇದೆ. ಗುಣವಾಗುತ್ತದೆ ಅನ್ನುವುದರಲ್ಲಿ ವಾದ ಕಡಿಮೆ. ಒಂದು ಎಚ್ಚರಿಕೆ ಮಾತ್ರ ಬೇಕು. ವಾರಾಂತ್ಯದ ಕೋರ್ಸ್ ಮಾಡಿ ಬೋರ್ಡಿಗೆ ಇಎಂಡಿಆರ್ ಅಂತ ಬರೆಸಿದವರೂ ಇರಬಹುದು. ಎಲ್ಲಿ ಕಲಿತಿರಿ, ಎಷ್ಟು ಜನರಿಗೆ ಮಾಡಿದ್ದೀರಿ, ಮೇಲ್ವಿಚಾರಣೆ ಯಾರದು ಅಂತ ಕೇಳಿ. ಒಂದೇ ಸಿಟ್ಟಿಂಗಿನಲ್ಲಿ ವಾಸಿ ಮಾಡುತ್ತೇನೆ ಅಂದವರ ಹತ್ತಿರ ಹೋಗಬೇಡಿ.

ಹಾಗಾದರೆ ಮೂರರಲ್ಲಿ ಯಾವುದು ಮೇಲು? ಅಮೆರಿಕದಲ್ಲಿ 916 ಮಾಜಿ ಸೈನಿಕರಲ್ಲಿ ಮೊದಲ ಎರಡನ್ನು ಹೋಲಿಸಿ 2022ರಲ್ಲಿ ಪ್ರಕಟಿಸಿದರು. ಎಕ್ಸ್‌ಪೋಶರ್ ಕೂದಲೆಳೆಯಷ್ಟು ಮುಂದಿತ್ತು. ಆದರೆ ಅದನ್ನು ಅರ್ಧಕ್ಕಿಂತ ಜಾಸ್ತಿ ಜನ ನಡುವೆ ಬಿಟ್ಟರು. ಸಿಪಿಟಿಯಲ್ಲಿ ಬಿಟ್ಟವರು ಅರ್ಧಕ್ಕಿಂತ ತುಸು ಕಡಿಮೆ. ನನ್ನ ಮಟ್ಟಿಗೆ ಆರಿಸುವ ಪ್ರಶ್ನೆಗೆ ಉತ್ತರ ಅಲ್ಲಿದೆ. ಯಾವುದು ಶಕ್ತಿಶಾಲಿ ಅಂತ ಹುಡುಕುವುದಕ್ಕಿಂತ ಯಾವುದನ್ನು ನೀವು ಕೊನೆಯವರೆಗೂ ಮಾಡಬಲ್ಲಿರಿ ಅಂತ ನೋಡಿ. ಬಾಯಿಬಿಟ್ಟು ಹೇಳಿದರೆ ಹಗುರಾಗುವ ಸ್ವಭಾವ ನಿಮ್ಮದಾ? ಬರೆದು, ವಾದಿಸಿ, ಲೆಕ್ಕ ಹಾಕಿ ಒಪ್ಪುವವರಾ? ಮನಸ್ಸಲ್ಲೇ ಇಟ್ಟುಕೊಂಡು ದಾಟಬೇಕಾ? ನಿಮಗೆ ಗೊತ್ತಿರುತ್ತದೆ.

ನಾಲ್ಕನೆಯದೊಂದಿದೆ, ನಮ್ಮಲ್ಲಿ ಅಷ್ಟಾಗಿ ಸಿಗುವುದಿಲ್ಲ. ನರೇಟಿವ್ ಎಕ್ಸ್‌ಪೋಶರ್ ಥೆರಪಿ ಅಂತ. ಜರ್ಮನಿಯ ಕಾನ್ಸ್‌ಟಾನ್ಸ್ ವಿಶ್ವವಿದ್ಯಾಲಯದವರು ಯುದ್ಧದಿಂದ ಓಡಿಬಂದ ನಿರಾಶ್ರಿತರಿಗಾಗಿ ರೂಪಿಸಿದ್ದು. ಉಗಾಂಡದ ಶಿಬಿರಗಳಲ್ಲೂ ಬಳಸಿದ್ದಾರೆ. ನೆಲದ ಮೇಲೆ ಒಂದು ಹಗ್ಗ ಹಾಸಿ, ಹುಟ್ಟಿನಿಂದ ಇವತ್ತಿನವರೆಗಿನ ಬದುಕು ಅದು ಅಂತ ಇಟ್ಟುಕೊಂಡು, ಸುಖದ ಘಟನೆಗೆ ಹೂವು, ಕಷ್ಟದ್ದಕ್ಕೆ ಕಲ್ಲು ಇಡುತ್ತಾರೆ. ನಂತರ ಕಲ್ಲುಗಳ ಕಥೆಯನ್ನು ಒಂದೊಂದಾಗಿ ಕ್ರಮವಾಗಿ ಹೇಳಿಸಿ ಬರೆದುಕೊಳ್ಳುತ್ತಾರೆ. ಕೊನೆಗೆ ಆ ಬದುಕಿನ ಕಥೆಯನ್ನು ನಿಮ್ಮ ಕೈಗೇ ಕೊಡುತ್ತಾರೆ. ಒಂದಲ್ಲ, ಹತ್ತಾರು ಆಘಾತ ಕಂಡವರಿಗೆ ಒಳ್ಳೆಯದು.

ಹತ್ತಾರು ಅಂದಾಗ ಒಂದು ಮಾತು. ಚಿಕ್ಕಂದಿನಿಂದ ವರ್ಷಗಟ್ಟಲೆ ಹಿಂಸೆ ಕಂಡವರ ಸ್ಥಿತಿ ಒಂದು ಅಪಘಾತ ಕಂಡ ನನ್ನಂಥವಳ ಸ್ಥಿತಿಗಿಂತ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ ಅದಕ್ಕೆ ಕಾಂಪ್ಲೆಕ್ಸ್ ಪಿಟಿಎಸ್‌ಡಿ ಅಂತ ಪ್ರತ್ಯೇಕ ಹೆಸರು ಕೊಟ್ಟಿದೆ. ಅಂಥವರಿಗೆ ಹನ್ನೆರಡು ವಾರ ಸಾಲದೇ ಹೋಗಬಹುದು. ನಂಬಿಕೆ ಹುಟ್ಟಲೇ ತಿಂಗಳು ಬೇಕು. ನಿಧಾನವಾಯಿತು ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಮಾತ್ರೆಯಾ, ಮಾತಾ?

ಸರ್ಟ್ರಲಿನ್, ಪರಾಕ್ಸೆಟಿನ್ ಎಂಬ ಎರಡು ಮಾತ್ರೆಗಳಿಗೆ ಅಮೆರಿಕದಲ್ಲಿ ಪಿಟಿಎಸ್‌ಡಿಗೆಂದೇ ಅನುಮತಿ ಇದೆ. ನಮ್ಮ ಮನೋವೈದ್ಯರೂ ಇವನ್ನು ಬರೆಯುತ್ತಾರೆ. ಗುಣ ಕಾಣಲು ಕೆಲವು ವಾರ ಬೇಕು. ಚಟ ಹತ್ತುವ ಮಾತ್ರೆಗಳಲ್ಲ, ಆದರೆ ಥಟ್ಟನೆ ನಿಲ್ಲಿಸಬಾರದು. ಜೊತೆಗೆ ಖಿನ್ನತೆ ಜೋರಾಗಿದ್ದರೆ, ಥೆರಪಿಸ್ಟ್ ಸಿಗದ ಊರಿನಲ್ಲಿದ್ದರೆ, ಮಾತಾಡುವಷ್ಟೂ ತ್ರಾಣ ಇಲ್ಲದಿದ್ದರೆ ಮಾತ್ರೆಯಿಂದ ಶುರು ಮಾಡುವುದು ಒಳ್ಳೆಯ ದಾರಿಯೇ. ಥೆರಪಿ ಸಿಗುವಂತಿದ್ದರೆ ಅದನ್ನು ಬಿಡಬೇಡಿ. ಎರಡೂ ಒಟ್ಟಿಗೆ ನಡೆಯಬಹುದು.

ನಿದ್ದೆಯ, ಹೆದರಿಕೆಯ ಮಾತ್ರೆ ಅಂತ ಕೊಡುವ ಆಲ್ಪ್ರಜೋಲಾಂ, ಕ್ಲೋನಾಜೆಪಾಂ, ಲೋರಾಜೆಪಾಂ ಬೇರೆಯೇ ಗುಂಪು. ಆಘಾತವಾದ ಮೊದಲ ತಿಂಗಳಲ್ಲಿ ಆ ಲಕ್ಷಣಗಳಿಗೆ ಇವನ್ನು ಕೊಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಇವು ಆ ರಾತ್ರಿಗೆ ಮಂಪರು ತರುತ್ತವೆ, ಆಘಾತವನ್ನು ಕರಗಿಸುವುದಿಲ್ಲ, ಬಿಡಲು ಹೋದರೆ ಬಿಡುವುದಿಲ್ಲ. ನನಗೆ ಒಂದು ಕ್ಲಿನಿಕ್ಕಿನಲ್ಲಿ ಇದನ್ನೇ ಬರೆದುಕೊಟ್ಟರು, ಚೀಟಿ ತೋರಿಸಿ ನಾಲ್ಕು ತಿಂಗಳು ತಂದುಕೊಂಡೆ. ನೀವೂ ತೆಗೆದುಕೊಳ್ಳುತ್ತಿದ್ದರೆ ಇವತ್ತೇ ಎಸೆಯಬೇಡಿ. ಮನೋವೈದ್ಯರ ಹತ್ತಿರ ಹೋಗಿ, ಡೋಸ್ ಸ್ವಲ್ಪ ಸ್ವಲ್ಪವಾಗಿ ಇಳಿಸಿಕೊಳ್ಳಿ.

ಯಾರ ಹತ್ತಿರ ಹೋಗುವುದು?

ಮನೋವೈದ್ಯರು ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಕೀಯ ಓದಿದ ಡಾಕ್ಟರ್. ಮಾತ್ರೆ ಬರೆಯುತ್ತಾರೆ. ಓಪಿಡಿಯಲ್ಲಿ ಹತ್ತು ನಿಮಿಷ ಸಿಕ್ಕರೆ ಪುಣ್ಯ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಆ ವಿಷಯದಲ್ಲಿ ವಿಶೇಷ ತರಬೇತಿ ಪಡೆದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು. ಅವರು ಮಾತ್ರೆ ಬರೆಯುವುದಿಲ್ಲ, ಥೆರಪಿ ಮಾಡುತ್ತಾರೆ. ಮೇಲಿನ ಮೂರೂ ದಾರಿಗಳಿಗೆ ಮೊದಲು ವಿಚಾರಿಸಬೇಕಾದದ್ದು ಇವರಲ್ಲಿ. ಕೌನ್ಸೆಲರ್, ಆಪ್ತಸಮಾಲೋಚಕ ಅಂತ ಬೋರ್ಡು ಹಾಕಿದವರ ಓದು ಮಾತ್ರ ಒಬ್ಬೊಬ್ಬರದು ಒಂದೊಂದು ಥರ. ಕೆಲವರು ತುಂಬಾ ಚೆನ್ನಾಗಿ ಕಲಿತವರು, ಕೆಲವರದು ಮೂರು ತಿಂಗಳ ಸರ್ಟಿಫಿಕೇಟ್. ಮುಖ ನೋಡಿ ತಿಳಿಯುವುದಿಲ್ಲ, ಕೇಳಲೇಬೇಕು.

ಕೇಳುವುದಕ್ಕೆ ನಮಗೆ ಸಂಕೋಚ. ಡಾಕ್ಟರನ್ನು ಪ್ರಶ್ನಿಸುವುದಾ ಅಂತ. ನಾನು ಎರಡನೇ ಸಲ ಹುಡುಕುವಾಗ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಆಘಾತ ಆದವರಿಗೆ ನೀವು ಯಾವ ಪದ್ಧತಿ ಬಳಸುತ್ತೀರಿ? ಆ ಘಟನೆಯ ಬಗ್ಗೆ ಯಾವಾಗ ಕೆಲಸ ಶುರು ಮಾಡುತ್ತೀರಿ? ಸುಮಾರು ಎಷ್ಟು ಸೆಷನ್? ಸುಧಾರಿಸುತ್ತಿದ್ದೇನೆ ಅಂತ ಹೇಗೆ ಅಳೆಯುತ್ತೀರಿ? ಒಬ್ಬರು ಮುಖ ಸಿಂಡರಿಸಿದರು. ಇನ್ನೊಬ್ಬರು ಪೆನ್ನು ತೆಗೆದು ಹಾಳೆಯ ಮೇಲೆ ಹನ್ನೆರಡು ವಾರದ ಚಿತ್ರ ಬರೆದು ತೋರಿಸಿದರು. ಯಾರನ್ನು ಆರಿಸಿದೆ ಅಂತ ಹೇಳಬೇಕಿಲ್ಲ.

ಸರ್ಕಾರಿಯಾ, ಖಾಸಗಿಯಾ ಅನ್ನುವುದು ಮುಂದಿನ ಲೆಕ್ಕ. ಬೆಂಗಳೂರಿನಲ್ಲಿ ಖಾಸಗಿಯಾಗಿ ಒಂದು ಸೆಷನ್‌ಗೆ ಸಾವಿರ ರೂಪಾಯಿ ದಾಟುವುದು ಮಾಮೂಲು. ಹನ್ನೆರಡರಿಂದ ಗುಣಿಸಿ, ಬಸ್ ಖರ್ಚು, ರಜೆಯ ಸಂಬಳ ಸೇರಿಸಿ ನೋಡಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಖರ್ಚು ಕಡಿಮೆ, ಕಾಯುವುದು ಜಾಸ್ತಿ. ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಮಾಡಿ ನೋಡಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಈ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆ ತಂಡದಲ್ಲಿ ಎಲ್ಲ ಕಡೆ ಆಘಾತದ ಥೆರಪಿ ಮಾಡುವವರು ಇರುವುದಿಲ್ಲ. ಆದರೆ ಎಲ್ಲಿಗೆ ಹೋಗಬೇಕು ಅಂತ ದಾರಿ ತೋರಿಸುತ್ತಾರೆ, ಚೀಟಿ ಕೊಡುತ್ತಾರೆ. ನನಗೆ ದಾರಿ ಸಿಕ್ಕಿದ್ದೂ ಹಾಗೆಯೇ. ಇನ್ಶೂರೆನ್ಸ್ ಇದ್ದವರು ಪಾಲಿಸಿ ಓದಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮೈಯ ಕಾಯಿಲೆಯ ಹಾಗೆ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ಬಹಳ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ದುಡ್ಡು ಕೊಡುತ್ತವೆ, ವಾರದ ಸೆಷನ್‌ಗೆ ಕೊಡುವುದಿಲ್ಲ. ಅದೇ ಕಾಯ್ದೆ ನಿಮ್ಮ ವಿಷಯವನ್ನು ಗುಟ್ಟಾಗಿಡುವ ಹಕ್ಕನ್ನೂ ಕೊಟ್ಟಿದೆ. ಊರಲ್ಲಿ ಗೊತ್ತಾಗುತ್ತೆ ಅಂತ ಹಿಂಜರಿಯುವವರಿಗೆ ಇದು ತಿಳಿದಿರಲಿ.

ವಿಡಿಯೋ ಕಾಲ್‌ನಲ್ಲಿ ಮಾಡಬಹುದಾ? ಮಾಡಬಹುದು, ಎಕ್ಸ್‌ಪೋಶರ್ ಮತ್ತು ಸಿಪಿಟಿ ವಿಡಿಯೋದಲ್ಲೂ ಚೆನ್ನಾಗಿ ನಡೆಯುತ್ತವೆ. ಬಾಗಿಲು ಹಾಕಿಕೊಳ್ಳುವ ಕೋಣೆ, ಕಡಿದುಹೋಗದ ನೆಟ್‌ವರ್ಕ್ ಬೇಕು. ಹೊಡೆಯುವವರು ಪಕ್ಕದ ಕೋಣೆಯಲ್ಲಿದ್ದರೆ ಮನೆಯಿಂದ ಬೇಡವೇ ಬೇಡ. ಅಂಥ ಹೆಣ್ಣುಮಕ್ಕಳು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ದೌರ್ಜನ್ಯಕ್ಕೆ ಒಳಗಾದವರಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರ ಎಲ್ಲಿದೆ ಅಂತ ಕೇಳಲಿ. ಮನೆ ಸುರಕ್ಷಿತವಾದ ಮೇಲೆ ಥೆರಪಿ.

ಕನ್ನಡದಲ್ಲೇ ಆಗಬೇಕಾ?

ಆದಷ್ಟೂ ಹೌದು ಅನ್ನುತ್ತೇನೆ. ನಾನು ಇಂಗ್ಲಿಷ್ ಪಾಠ ಮಾಡುವವಳು. ಆದರೂ ಆ ರಾತ್ರಿ ನಾನು ಕೂಗಿದ್ದು ಕನ್ನಡದಲ್ಲಿ. ಒಮ್ಮೆ ಇಂಗ್ಲಿಷಿನಲ್ಲಿ ಹೇಳಿ ನೋಡಿದೆ, ಯಾರದೋ ಅಪಘಾತದ ವರದಿ ಓದಿದ ಹಾಗಿತ್ತು. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಕನ್ನಡಕ್ಕೆ ಬಂದ ಕೂಡಲೇ ಗಂಟಲು ಕಟ್ಟಿತು. ಕೆಲವರು ಇದನ್ನು ಉಲ್ಟಾ ಬಳಸಿಕೊಳ್ಳುತ್ತಾರೆ. ಮೊದಲು ದೂರದ ಭಾಷೆಯಲ್ಲಿ ಹೇಳಿ, ಧೈರ್ಯ ಬಂದ ಮೇಲೆ ಮನೆ ಮಾತಿಗೆ ಬರುತ್ತಾರೆ. ಅದೂ ಸರಿ.

ಇನ್ನೊಂದು ಕಾರಣ ಇದೆ. ನಾವು ಸಂಕಟವನ್ನು ಮೈಯಿಂದ ಹೇಳುವವರು. ತಲೆ ಭಾರ, ಎದೆ ಹಿಡಿದ ಹಾಗೆ, ಕೈಕಾಲು ಸೋಲು, ಹೊಟ್ಟೆಯಲ್ಲಿ ಏನೋ ಕಲಸಿದ ಹಾಗೆ. ಇದನ್ನು ಕೇಳಿ ಸ್ಕ್ಯಾನಿಂಗ್ ಬರೆದುಕೊಡುವವರು ಬಹಳ. "ಯಾವಾಗಿಂದ ಹೀಗೆ? ಆಗ ಏನು ನಡೆದಿತ್ತು?" ಅಂತ ಕೇಳುವವರು ಬೇಕು. ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡದವರು ಊರಿನ ಥೆರಪಿಸ್ಟ್ ಹತ್ತಿರ ವಿಡಿಯೋದಲ್ಲಿ ಮಾತಾಡಬಯಸುವುದು ಇದಕ್ಕೇ. ಅಲ್ಲಿನ ಕಾನೂನು ಒಪ್ಪುತ್ತದಾ ಅಂತ ಥೆರಪಿಸ್ಟನ್ನೇ ಮೊದಲು ಕೇಳಿ. ರಾತ್ರಿ ಏನಾದರೂ ಆದರೆ ಫೋನ್ ಮಾಡಲು ಅದೇ ಊರಿನ ಒಬ್ಬ ಡಾಕ್ಟರ್ ಗೊತ್ತಿರಲಿ.

ದೇವಸ್ಥಾನ, ಯೋಗ, ತಾಯತ

ಅಮ್ಮ ನನಗೆ ದೃಷ್ಟಿ ತೆಗೆದರು, ಅಂತ್ರ ಕಟ್ಟಿಸಿದರು, ಧರ್ಮಸ್ಥಳಕ್ಕೆ ಹರಕೆ ಹೊತ್ತರು. ಅದರಿಂದ ನನಗೆ ಕೆಡುಕಾಗಲಿಲ್ಲ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವ ಆ ಹತ್ತು ನಿಮಿಷ ಅಮ್ಮನ ಕೈ ನನ್ನ ತಲೆ ಮೇಲಿತ್ತು. ಯೋಗ, ಪ್ರಾಣಾಯಾಮದಿಂದ ನಿದ್ದೆ ಸುಧಾರಿಸಿತು. ಥೆರಪಿಯ ಜೊತೆ ಇವೆಲ್ಲ ನಡೆಯಲಿ. ಹೊಡೆದು ಬಡಿದು ಗಾಳಿ ಬಿಡಿಸುವ ಕಡೆಗೆ ಮಾತ್ರ ಯಾರನ್ನೂ ಕರೆದುಕೊಂಡು ಹೋಗಬೇಡಿ. ಅದು ಆಘಾತದ ಮೇಲೆ ಇನ್ನೊಂದು ಆಘಾತ.

ಮಕ್ಕಳಿಗೆ ದಾರಿ ಬೇರೆ. ಆಘಾತ ಕೇಂದ್ರಿತ ಸಿಬಿಟಿ (ಯೋಚನೆ, ವರ್ತನೆ ತಿದ್ದುವ ಥೆರಪಿ) ಅಂತ ಮಕ್ಕಳಿಗೆಂದೇ ಇದೆ. ಅದರಲ್ಲಿ ಅಪ್ಪ ಅಮ್ಮ ಅಥವಾ ಸಾಕುವವರೂ ಕೂತು ಕಲಿಯುತ್ತಾರೆ. ಮಗು ಚಿತ್ರ ಬರೆದು, ಆಟ ಆಡಿ, ನಿಧಾನಕ್ಕೆ ತನ್ನ ಕಥೆ ಹೇಳುತ್ತದೆ. "ಚಿಕ್ಕದು, ಮರೆತುಬಿಡುತ್ತೆ" ಅನ್ನುವ ಮಾತನ್ನು ನಾನು ಕ್ಲಾಸಿನಲ್ಲಿ ಎಷ್ಟೋ ಪೋಷಕರಿಂದ ಕೇಳಿದ್ದೇನೆ. ಮರೆತ ಮಗು ಬೆಂಚಿನ ಕೆಳಗೆ ಅವಿತುಕೊಳ್ಳುವುದಿಲ್ಲ.

ಮೊದಲ ಫೋನ್

ನಾಲ್ಕೈದು ಸೆಷನ್ ಆದರೂ ಎಳ್ಳಷ್ಟೂ ಬದಲಾವಣೆ ಇಲ್ಲದಿದ್ದರೆ ಥೆರಪಿಸ್ಟಿಗೆ ನೇರವಾಗಿ ಹೇಳಿ. ಪದ್ಧತಿ ಬದಲಿಸಬಹುದು, ವ್ಯಕ್ತಿಯನ್ನೂ ಬದಲಿಸಬಹುದು. ಮೊದಲ ಎರಡು ಮೂರು ವಾರ ಕಷ್ಟ ಹೆಚ್ಚಾಗುವುದು ಬೇರೆ, ಅವರ ಕೋಣೆಯಲ್ಲೇ ನಿಮಗೆ ಹೆದರಿಕೆ, ಅವಮಾನ ಆಗುವುದು ಬೇರೆ. ಎರಡನೆಯದಾದರೆ ಎದ್ದು ಬನ್ನಿ.

ಎಲ್ಲಿಂದ ಶುರು ಮಾಡುವುದು ಅಂತಲೇ ತಿಳಿಯದಿದ್ದರೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ನಂಬರ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನು ಹೇಳಬೇಕು ಅಂತ ಫೋನ್ ಹಿಡಿದು ಕೂತವರಿಗೆ ನಾನು ಹೇಳಿದ ನಾಲ್ಕು ಸಾಲು ಕೊಡುತ್ತೇನೆ, ನಿಮ್ಮದನ್ನು ತುಂಬಿಕೊಳ್ಳಿ. "ನನಗೆ ಒಂದು ವರ್ಷದ ಹಿಂದೆ ಅಪಘಾತ ಆಯ್ತು. ಆಗಿಂದ ನಿದ್ದೆ ಇಲ್ಲ, ವಾಹನ ಹತ್ತೋಕೆ ಆಗ್ತಿಲ್ಲ. ಅದನ್ನ ಬಿಡಿಸಿ ಈಗ ಹೇಳೋಕಾಗಲ್ಲ. ನಮ್ಮ ಜಿಲ್ಲೆಯಲ್ಲಿ ಆಘಾತಕ್ಕೆ ಥೆರಪಿ ಮಾಡೋ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರಿದ್ದಾರೆ ಹೇಳ್ತೀರಾ?"